ನಲವತ್ತಕ್ಕೆ ಬಿಚ್ಚು

“ಜೋರಾಗಿ ಓದ್ರೀ ಅನಂತರಾಜು. ಕೆಳಗೆ ನನಗೆ ಕೇಳಿಸ್ಬೇಕು,” ಎಂದಳು ವೇದಾ.

“ಮೂವತ್ತು!” ತಲೆಯ ಮೇಲಿನ ಕಾರಿನೊಳಗಿಂದ ಬಂದ ದನಿಯಲ್ಲಿ ಅಸಹ್ಯ ತುಂಬಿತ್ತು. “ಕೇಳಿಸ್ತಾ? ಇಲ್ಲಾ ಮೈಕ್ ತರಿಸ್ಲಾ?”

ವೇದಾ ಕೈಯಲ್ಲಿದ್ದ ಸ್ಪ್ಯಾನರಿನಿಂದ ಗುಂಡಿಯ ಅಂಚಿನ ಕಬ್ಬಿಣದ ಪಟ್ಟಿಗೆ ಒಮ್ಮೆ ತಟ್ಟಿದಳು. ಟಣ್.

“ಅದ್ಯಾಕೆ ಗಂಟೆ ಬಾರಿಸ್ತಿದ್ದೀರಾ? ಮಂಗಳಾರತಿನಾ?”

“ಕೇಳಿಸ್ತು ಅಂತ ಅರ್ಥ. ಮುಂದೆ ಓದಿ.”

ರಾಜಾನುಕುಂಟೆಯ ಹೊರಗೆ, ದೊಡ್ಡಬಳ್ಳಾಪುರ ರಸ್ತೆಯ ಮಗ್ಗುಲಲ್ಲಿತ್ತು ಮುರಿಗೆಪ್ಪನ ಗ್ಯಾರೇಜು. ಮೂರು ಕಡೆ ಗೋಡೆ, ಮುಂದೊಂದು ಶಟರ್, ಮೇಲೆ ತಗಡು. ಕಾರನ್ನು ಎತ್ತುವ ಯಂತ್ರ ಅಲ್ಲಿರಲಿಲ್ಲ. ನೆಲದ ನಡುವೆ ಆಳುದ್ದದ ಗುಂಡಿ ತೋಡಿ, ಅದರ ಮೇಲೆ ಕಾರು ನಿಲ್ಲಿಸಿ, ಕೆಳಗಿನಿಂದ ಕೆಲಸ ಮಾಡುತ್ತಿದ್ದರು. ಗುಂಡಿಗೆ ಇಳಿಯುವ ಮೆಟ್ಟಿಲು ಶಟರಿನ ಕಡೆಗಿತ್ತು. ಹಗಲ ಬೆಳಕು ಗುಂಡಿಗೆ ಬರುತ್ತಿದ್ದದ್ದು ಆ ಒಂದು ದಾರಿಯಿಂದ.

ಹೋದ ಶುಕ್ರವಾರ ಇದೇ ಗುಂಡಿಯಲ್ಲಿ, ಇದೇ ಕಾರಿನ ಕೆಳಗೆ ನಿಂತಿದ್ದ ಮೆಕ್ಯಾನಿಕ್ ಹಬೀಬುಲ್ಲಾನ ಮುಖದ ಮೇಲೆ ಕುದಿಯುವ ಗೇರ್‌ಬಾಕ್ಸ್ ಆಯಿಲ್ ಸುರಿದಿತ್ತು. ಬಲಗಣ್ಣು ಅಂದೇ ಹೋಯಿತು. ಎಡಗಣ್ಣಿನ ಬಗ್ಗೆ ವೈದ್ಯರು ಬಾಯಿ ಬಿಡುತ್ತಿರಲಿಲ್ಲ. ಗಂಟಲಲ್ಲಿ ಕೊಳವೆ ಇದ್ದುದರಿಂದ ಅವನೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಆಂಬ್ಯುಲೆನ್ಸಿನಲ್ಲಿ ಹೆಂಡತಿ ಸುಮೈರಾಳ ಕೈ ಹಿಡಿದು ಅವನು ಹೇಳಿದ್ದು ಒಂದೇ ಮಾತು: “ನಲವತ್ತು ಅಂದ್ರು.”

ಯಾರೂ ಏನೂ ಅಂದಿಲ್ಲ ಎಂದು ಗ್ಯಾರೇಜಿನಲ್ಲಿದ್ದವರು ಹೇಳಿಕೆ ಕೊಟ್ಟಿದ್ದರು. ತಾನೇ ಅಜಾಗರೂಕತೆಯಿಂದ ಪ್ಲಗ್ ಬಿಚ್ಚಿ ಸುಟ್ಟುಕೊಂಡ ಎಂದು ಬರೆದು ಠಾಣೆಯವರು ನಾಳೆ ಫೈಲು ಮುಚ್ಚುವವರಿದ್ದರು. ಕಣ್ಣು ಕಳೆದುಕೊಂಡವನೇ ತಪ್ಪಿತಸ್ಥ ಎಂಬ ಷರಾ ಬೀಳುವ ಮುಂಚೆ ಸುಮೈರಾ ವೇದಾಳ ಬಾಗಿಲು ತಟ್ಟಿದ್ದಳು. ವಾಹನ ವಿಮೆಯ ಸರ್ವೇಯರ್ ಆಗಿ ಹದಿನೆಂಟು ವರ್ಷ ಜಜ್ಜಿದ ಗಾಡಿಗಳನ್ನು ನೋಡಿ, ಈಗ ಯಲಹಂಕದಲ್ಲಿ ಸ್ವಂತ ಪತ್ತೇದಾರಿ ಕಚೇರಿ ಇಟ್ಟುಕೊಂಡಿದ್ದ ವೇದಾ ಕೇಳಿದ್ದು ಒಂದೇ ಪ್ರಶ್ನೆ: “ಆ ಕಾರು ಎಲ್ಲಿದೆ?”

ಕಾರು ಗುಂಡಿಯ ಮೇಲೇ ಇತ್ತು. ಪೊಲೀಸರು ಮುಟ್ಟಬೇಡಿ ಅಂದಿದ್ದರು.

“ಮೂವತ್ನಾಲ್ಕು!”

ಟಣ್.

ಈ ಜಾತಿಯ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ನೋಡಲು ಅಳತೆಕಡ್ಡಿ ಇರುವುದಿಲ್ಲ. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಬೇಕು. ಎಂಜಿನ್ ಓಡುತ್ತಿರಬೇಕು. ಗೇರಿನ ಲಿವರನ್ನು ಪಿ, ಆರ್, ಎನ್, ಡಿ ಎಲ್ಲದರ ಮೇಲೂ ಒಂದು ಗಳಿಗೆ ತಂಗಿಸಿ ಮತ್ತೆ ಪಿಗೆ ತರಬೇಕು. ಆಯಿಲಿನ ಬಿಸಿ ಎಷ್ಟೆಂದು ಸ್ಕ್ಯಾನರಿನ ಪರದೆಯ ಮೇಲೆ ಮೂಡುತ್ತದೆ. ಅದು ನಲವತ್ತು ಡಿಗ್ರಿ ಮುಟ್ಟಿದಾಗ ಕೆಳಗಿದ್ದವನು ಗೇರ್‌ಬಾಕ್ಸಿನ ತಳದ ತೂತಿಗೆ ಬಿಗಿದ ಲೆವೆಲ್ ಪ್ಲಗ್ ಬಿಚ್ಚಬೇಕು. ಆಯಿಲ್ ಸರಿಯಾಗಿದ್ದರೆ ನೂಲಿನ ಎಳೆಯಂತೆ ಸಣ್ಣಗೆ ಇಳಿಯುತ್ತದೆ. ಕಡಿಮೆಯಿದ್ದರೆ ಏನೂ ಬರುವುದಿಲ್ಲ. ಬಿಸಿ ಮಿತಿಮೀರಿದ್ದರೆ, ಕಾದು ಉಬ್ಬಿದ ಆಯಿಲ್ ಧಾರೆಯಾಗಿ ಸುರಿಯುತ್ತದೆ.

ಗುಂಡಿಯಲ್ಲಿದ್ದವನಿಗೆ ಪರದೆ ಕಾಣುವುದಿಲ್ಲ. ಮೇಲಿನವನು ಕೂಗಬೇಕು, ಕೆಳಗಿನವನು ನಂಬಬೇಕು. ಕೇಳಿಸಿದ ಪ್ರತಿ ಅಂಕಿಗೂ ಒಮ್ಮೆ ತಟ್ಟುವುದು ಈ ಗ್ಯಾರೇಜಿನ ರೂಢಿ.

“ಮೂವತ್ತೊಂಬತ್ತು.”

“ಸರಿಯಾಗೇ ಓದ್ತಾವ್ರೆ ಮೇಡಂ,” ಎಂದರು ಹೆಡ್ ಕಾನ್‌ಸ್ಟೇಬಲ್ ವೆಂಕಟರಾಮಯ್ಯ. ಕಾರಿನ ಕಿಟಕಿಗೆ ಮುಖ ಕೊಟ್ಟು ಪರದೆಯನ್ನು ನೋಡುತ್ತ ನಿಲ್ಲುವುದು ಅವರಿಗೆ ಒಪ್ಪಿಸಿದ್ದ ಕೆಲಸ.

“ನಲವತ್ತು!”

ಟಣ್. ವೇದಾ ಪಕ್ಕಕ್ಕೆ ಸರಿದು, ಕೈ ಚಾಚಿ, ಪ್ಲಗ್ ತಿರುಗಿಸಿದಳು. ಗೇರ್‌ಬಾಕ್ಸಿನ ತಳ ಬೆರಳಿಗೆ ಎಳೆ ಬಿಸಿಲಿನಷ್ಟು ಬೆಚ್ಚಗಿತ್ತು.

ಒಂದು ಹನಿಯೂ ಬೀಳಲಿಲ್ಲ.

ಅವಳು ಬಯಸಿದ್ದೂ ಅದನ್ನೇ. “ಮುರಿಗೆಪ್ಪ, ಆಯಿಲ್ ಕೊಡಿ. ಅಳತೆ ಗೆರೆ ಇರೋ ಡಬ್ಬದಲ್ಲಿ.”

ಮುರಿಗೆಪ್ಪ ಮೊಣಕಾಲು ಹಿಡಿದುಕೊಂಡು ಎರಡು ಮೆಟ್ಟಿಲು ಇಳಿದು ಡಬ್ಬವನ್ನೂ ಕೈಪಂಪನ್ನೂ ಕೊಟ್ಟ. ಬ್ಯಾಡಗಿಯಿಂದ ಬಂದು ಇಲ್ಲಿ ನೆಲೆಸಿ ಮೂವತ್ತು ವರ್ಷವಾಗಿದ್ದರೂ ಮಾತು ಇನ್ನೂ ಅಲ್ಲಿನದೇ. “ಹುಷಾರ್ರೀ ಮೇಡಂ. ಕಣ್ಣಿಗೆ ಕನ್ನಡಕ ಹಾಕ್ಕೊಳ್ರಿ. ಒಬ್ಬಂವಂದು ಹೋಗಿದ್ದು ಸಾಕು,” ಎಂದ. ಆಸ್ಪತ್ರೆಗೆ ದಿನಾ ಹಣ್ಣು ಕಳಿಸುತ್ತಿದ್ದವನೂ ಇವನೇ.

ಅವಳು ಆ ತೂತಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಆಯಿಲ್ ಪಂಪು ಮಾಡಿದಳು. ನೂರು. ಇನ್ನೂರು. ಮುನ್ನೂರು. ಮುನ್ನೂರೈವತ್ತರ ಗೆರೆ ದಾಟುತ್ತಿದ್ದಂತೆ ತೂತಿನ ಅಂಚಿನಲ್ಲಿ ಕೆಂಪು ಮಿನುಗಿತು. ಒಂದು ಎಳೆ ಸಣ್ಣಗೆ ಇಳಿಯತೊಡಗಿತು. ಪ್ಲಗ್ ಬಿಗಿದು, ಎಂಜಿನ್ ಆರಿಸಲು ಹೇಳಿ, ಮೇಲೆ ಬಂದಳು.

“ಮುನ್ನೂರೈವತ್ತು ಎಂ.ಎಲ್. ಬರ್ಕೊಳ್ಳಿ ಸಾರ್.”

ಅನಂತರಾಜು ಕಾರಿನಿಂದ ಇಳಿದು ಬಿಳಿ ಶೂಗಳಿಗೆ ಎಣ್ಣೆ ತಾಗದಂತೆ ಹೆಜ್ಜೆ ಹುಡುಕುತ್ತ ಬಂದ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲಗಳನ್ನು ಲೇಔಟ್ ಮಾಡಿ ಮಾರಿದ ಮಗ. ಈಗ ಊರಿನ ಅರ್ಧ ಗೋಡೆಗಳ ಮೇಲೆ ಅವನ ಹೆಸರು, ನಗು ಎರಡೂ ಇದ್ದವು.

“ಒಂದು ಕಾಫಿ ಲೋಟದಷ್ಟು ಎಣ್ಣೆ. ಇದಕ್ಕೆ ನನ್ನ ಭಾನುವಾರ ಹಾಳು ಮಾಡಿದ್ರಿ,” ಎಂದ.

“ನಲವತ್ತು ಡಿಗ್ರಿಯಲ್ಲಿ ಬಿಚ್ಚಿದ್ರೆ ಇಳಿಯೋದು ಒಂದು ಎಳೆ. ಅವತ್ತು ಇಷ್ಟು ಸುರಿದು ಹೋಗ್ಬೇಕು ಅಂದ್ರೆ ಎಣ್ಣೆ ಕಾದು ಉಬ್ಬಿರ್ಬೇಕು. ಹತ್ತು ಡಿಗ್ರಿ ಏರಿದ್ರೆ ಈ ಗೇರ್‌ಬಾಕ್ಸಲ್ಲಿ ಸುಮಾರು ಅರವತ್ತು ಎಂ.ಎಲ್. ಉಬ್ಬುತ್ತೆ. ನೀವೇ ಲೆಕ್ಕ ಹಾಕಿ.”

“ನಾನ್ ಯಾಕೆ ಹಾಕ್ಲಿ? ನೀವ್ ಹಾಕಿ, ನಿಮ್ಮನ್ನ ಅದಕ್ಕೇ ತಾನೆ ಕರೆಸಿರೋದು.”

“ಹೋದ ಶುಕ್ರವಾರ ಹಬೀಬುಲ್ಲಾ ಪ್ಲಗ್ ಬಿಚ್ಚಿದಾಗ ಆಯಿಲ್ ಹತ್ತಿರಹತ್ತಿರ ನೂರು ಡಿಗ್ರಿ ಇತ್ತು. ಅವರಿಗೆ ಕೇಳಿಸಿದ್ದು ನಲವತ್ತು. ಸೀಟಲ್ಲಿ ಕೂತಿದ್ದೋರು ನೀವು.”

“ಕೂತಿದ್ದೆ. ಏಸಿ ತಣ್ಣಗಿತ್ತು, ಕೂತಿದ್ದೆ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ನಮ್ಮ ಲಾಯರ್ ಹತ್ರ ಮಾತಾಡ್ತಿದ್ದೆ. ಅವನು ಕಿರುಚ್ದಾಗ ಸಹ ನನಗೆ ಗೊತ್ತಾಗಿಲ್ಲ. ಕಾರು ಅಲ್ಲಾಡ್ತು, ಆಮೇಲೆ ಬಗ್ಗಿ ನೋಡ್ದೆ. ಮುಖ ಅನ್ನೋದು ಇರ್ಲಿಲ್ಲ.” ಅವನು ಬಾಯೊಳಗೆ ಸೋಂಪು ಹಾಕಿಕೊಂಡ. “ಬಜ್ಜಿ ಬಾಂಡ್ಲೀಲಿ ಬಿದ್ದಂಗಿತ್ತು.”

ಕಾನ್‌ಸ್ಟೇಬಲ್ ಮುಖ ತಿರುಗಿಸಿದರು.

“ಅವರಿಗೆ ಕಪ್ಪು ಕನ್ನಡಕ ಕಳಿಸಿದ್ದು ನೀವೇನಾ?” ವೇದಾ ಕೇಳಿದಳು. ಆಸ್ಪತ್ರೆಯ ಮಂಚದ ಪಕ್ಕ ಬಣ್ಣದ ಕಾಗದ ಸುತ್ತಿದ ಆ ಡಬ್ಬಿಯನ್ನು ಸುಮೈರಾ ತೋರಿಸಿದ್ದಳು. ಯಾರೋ ಹಾರೈಸಿ ಕಳಿಸಿದ್ದೆಂದು ಅವಳು ಬಿಚ್ಚಿ ನೋಡಿದ್ದಳಂತೆ.

“ನಾನೇ. ಒಳ್ಳೇ ಕಂಪನೀದು. ನನ್ನನ್ನ ಕೊಲೆಗಾರ ಅಂದೋನ್ಗೆ ಇನ್ನೇನು ಮೈಸೂರ್ ಪಾಕ್ ಕಳಿಸ್ಬೇಕಿತ್ತಾ? ಒಂದು ಕಣ್ಣು ಉಳ್ದಿದೆ ಅಂತಲ್ಲ. ಸ್ಪ್ಯಾನರ್ ಹಿಡಿಯೋಕೆ ಒಂದು ಸಾಕು.”

ಕೊಲೆಯ ಮಾತು ಅಲ್ಲಿಗೆ ಬಂತು. ಅದಕ್ಕಾಗಿಯೇ ವೇದಾ ಕಾದಿದ್ದಳು.

ಆ ಶುಕ್ರವಾರದ ಹಿಂದಿನ ಸಂಜೆ, ಮಾಕಳಿಯ ಬಳಿ ರಸ್ತೆ ದಾಟುತ್ತಿದ್ದ ಹೂವು ಮಾರುವ ಹೆಂಗಸೊಬ್ಬಳನ್ನು ಬಿಳಿ ಕಾರೊಂದು ಗುದ್ದಿ, ಎಳೆದುಕೊಂಡು ಹೋಗಿ, ನಿಲ್ಲದೆ ಓಡಿತ್ತು. ನಾದಿನಿಯ ನಿಕಾಹ್‌ಗೆಂದು ಬುಧವಾರ, ಗುರುವಾರ ರಜೆಯಲ್ಲಿದ್ದ ಹಬೀಬುಲ್ಲಾ ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಬಂದು, ಈ ಕಾರಿನ ಅಡಿಯಲ್ಲಿ ಹಸಿರು ಸೀರೆಯಂಚಿನ ಚೂರೊಂದನ್ನು ಕಂಡಿದ್ದ. ಅದಕ್ಕೆ ಕೂದಲು ಅಂಟಿತ್ತು. ಅವನು ಅದನ್ನು ಎಲ್ಲರೆದುರು ಎತ್ತಿ ಹಿಡಿದು, ಇದು ಯಾರ ಜೀವ ತೆಗೆದ ಗಾಡಿ ಎಂದು ಕೇಳಿದ್ದ. ಮಧ್ಯಾಹ್ನ ನಮಾಜಿಗೆ ಹೋಗಿ ಬಂದು ಗುಂಡಿಗೆ ಇಳಿದ. ಕಂಡ ಕಣ್ಣು ಹೋಯಿತು. ಸೀರೆಯ ಚೂರೂ ಹೋಯಿತು.

“ಗುರುವಾರ ನನ್ನ ಗಾಡಿ ನನ್ನ ಹತ್ರ ಇರ್ಲೇ ಇಲ್ಲ,” ಎಂದ ಅನಂತರಾಜು. “ಬುಧವಾರಾನೇ ಇಲ್ಲಿ ಬಿಟ್ಟಿದ್ದೆ. ಗೇರ್ ಜರ್ಕ್ ಹೊಡೀತಿತ್ತು. ಕೇಳಿ ಅವನ್ನ.”

ಎಲ್ಲರ ಕಣ್ಣೂ ಮುರಿಗೆಪ್ಪನತ್ತ ತಿರುಗಿತು. ಅವನು ಕೈಯಲ್ಲಿದ್ದ ಎಣ್ಣೆ ಒರೆಸುವ ಬಟ್ಟೆಯನ್ನು ಹಿಂಡುತ್ತ ನಿಂತ. “ಸಾಹೇಬ್ರ, ನೀವು ದೊಡ್ಡವರು. ಆದ್ರ ಶುಕ್ರವಾರ ಮುಂಜಾನೆ ತಂದು ಬಿಟ್ರಿ. ಸುಳ್ಳು ಹ್ಯಾಂಗ ಹೇಳ್ಲಿ?”

“ಲೇ!”

“ಊಂ ಕಣಪ್ಪಾ, ಸುಕ್ರಾರವೇ,” ಶಟರಿನ ಬಳಿಯಿಂದ ಇನ್ನೊಂದು ದನಿ ಬಂತು. ಪಕ್ಕದಲ್ಲಿ ಇಡ್ಲಿ ಹೋಟೆಲು ನಡೆಸುವ, ಗ್ಯಾರೇಜಿನ ಜಾಗದ ಒಡತಿಯೂ ಆದ ಮುನಿಕೃಷ್ಣಮ್ಮ. “ಬಾಕ್ಲಿಗೆ ನೀರಾಕ್ತಿದ್ದೆ. ನನ್ ಮುಂದೇನೇ ಬಂತು ಈ ಗಾಡಿ.”

“ಹೋದ ಶುಕ್ರವಾರ ಎಣಿಸಿದ್ದು ಕೇಳಿಸ್ತು ಅಂದಿದ್ರಿ. ಅದನ್ನೂ ಸಾರ್‌ಗೆ ಹೇಳಿ,” ಎಂದಳು ವೇದಾ.

“ಏಳ್ತೀನಿ, ಅದ್ಕೇನ್ ಬಯ? ಮೂವತ್ತಾರು, ಮೂವತ್ತೇಳು ಅಂತ ಗಂಡ್ಸಿನ್ ಗಂಟ್ಲು. ಒಂದೊಂದ್ಕೂ ಟಣ್, ಟಣ್ ಅಂತ ಕೆಳಗಿಂದ. ನಲ್ವತ್ತು ಅಂದ್ರು, ಟಣ್ ಅಂತು, ಆಮೇಲ್ ಕೂಗಿದ್ನಲ್ಲ ಪಾಪ, ಅದು ಈಗ್ಲೂ ಕಿವೀಲದೆ. ಯಾರ್ ಗಂಟ್ಲು ಅಂತ ಗೊತ್ತಾಗ್ಲಿಲ್ಲ, ನಂ ಗ್ರೈಂಡ್ರು ತಿರುಗ್ತಿತ್ತು. ಕಾರಲ್ ಕುಂತಿದ್ದೋರ್ದು ತಾನೆ ಇರ್ಬೇಕು?”

“ಒಂದೊಂದೇ ಏರಿಸ್ಕೊಂಡು ಎಣಿಸಿದ್ರು,” ವೇದಾ ಅನಂತರಾಜುವಿನ ಮುಖದಿಂದ ಕಣ್ಣು ಕದಲಿಸಲಿಲ್ಲ. “ಪರದೆ ಮೇಲೆ ನೂರರ ಹತ್ತಿರ ಇದ್ದಾಗ ಮೂವತ್ತಾರು, ಮೂವತ್ತೇಳು ಅನ್ನೋದು ಕಣ್ತಪ್ಪಲ್ಲ. ಅಂಕಿ ನೋಡಿ ಓದಿದ್ದಲ್ಲ ಅದು. ಬಾಯಿಪಾಠ.”

ಅನಂತರಾಜು ಮುರಿಗೆಪ್ಪನನ್ನು ನೋಡಿದ. ಮುನಿಕೃಷ್ಣಮ್ಮನನ್ನು ನೋಡಿದ. ಅವನ ಮುಖದಲ್ಲಿ ಮೊದಲ ಬಾರಿ ನಗು ಇರಲಿಲ್ಲ.

“ಇಬ್ರೂ ಒಂದಾಗಿದ್ದೀರಾ,” ಎಂದ ನಿಧಾನವಾಗಿ.

“ಸಾರ್, ಠಾಣೆಗೆ ಬನ್ನಿ,” ಎಂದರು ವೆಂಕಟರಾಮಯ್ಯ. “ಸಾಹೇಬ್ರು ಹೇಳಿಕೆ ಇನ್ನೊಂದ್ಸಲ ತಗೋಬೇಕು ಅಂದವ್ರೆ. ಮಾಕಳಿ ಕಡೆ ಅಂಗಡಿಗಳ ಕ್ಯಾಮೆರಾನೂ ಇವತ್ತು ಸಂಜೆ ತರಿಸ್ತಾವ್ರೆ. ಗುರುವಾರ ಯಾರು ಓಡಿಸ್ತಿದ್ರೋ ಅದ್ರಲ್ಲೇ ಗೊತ್ತಾಗುತ್ತೆ.”

“ಬರ್ತೀನಿ. ಓಡೋಗೋಕೆ ನನಗೇನು ಹುಚ್ಚಾ?” ಅವನು ಜೀಪಿನ ಕಡೆ ಎರಡು ಹೆಜ್ಜೆ ಹಾಕಿ ತಿರುಗಿದ. “ಮೇಡಂ, ನಾನು ಒಳ್ಳೆಯೋನಲ್ಲ. ಅವನ ಕಣ್ಣು ಹೋಯ್ತು ಅಂತ ನನಗೆ ಎಳ್ಳಷ್ಟೂ ಬೇಜಾರಿಲ್ಲ. ಆದ್ರೆ ಆ ಸ್ಕ್ಯಾನರ್ ಇದೆಯಲ್ಲ, ಅದನ್ನ ನಾನು ಕೈಯಲ್ಲಿ ಹಿಡಿದಿದ್ದು ಇವತ್ತೇ ಮೊದಲು. ಅವತ್ತು ಅದರ ವೈರು ಕಿಟಕಿಯಿಂದ ಆಚೆ ಹೋಗಿತ್ತು. ಆ ತುದಿ ಯಾರು ಹಿಡಿದಿದ್ರೋ, ಫೋನಲ್ಲಿದ್ದೆ, ನೋಡ್ಲಿಲ್ಲ.”

ಜೀಪು ಹೊರಟಿತು. ವೇದಾ ಕಾರಿನೊಳಗೆ ಬಗ್ಗಿ ಸ್ಕ್ಯಾನರಿನ ವೈರನ್ನು ಕೈಯಲ್ಲಿ ಹಿಡಿದಳು. ಉದ್ದವೇ ಇತ್ತು. ಕಿಟಕಿಯಾಚೆ ನಿಂತವನ ಎದೆಮಟ್ಟಕ್ಕೆ ಸಲೀಸಾಗಿ ಬರುವಷ್ಟು.

ಸುಳ್ಳಿಗೆ ಇಷ್ಟು ಸಣ್ಣ ವಿವರ ಯಾಕೆ ಬೇಕು ಎಂದು ಅವಳು ಯೋಚಿಸುವಷ್ಟರಲ್ಲಿ ಮುನಿಕೃಷ್ಣಮ್ಮ ಬಂದು ಮೊಣಕೈ ಹಿಡಿದಳು. “ಬಾ ತಾಯಿ. ಮೈಕೈಯೆಲ್ಲಾ ಎಣ್ಣೆ. ಒಳಗೋಗಿ ಸೋಪಾಕ್ಕೊಂಡು ತೊಳ್ಕೊ. ಒಂದ್ ಲೋಟ ಟೀ ಕುಡಿಯೋವಂತೆ.”

ಹೋಟೆಲಿನ ಹಿಂದೆ ಅವಳ ಮನೆ. ಮನೆಯ ಹಿಂದೆ ತೊಟ್ಟಿ. ಮುನಿಕೃಷ್ಣಮ್ಮ ಸೋಪು ಕೊಟ್ಟು, ಚೊಂಬಿನಲ್ಲಿ ನೀರು ಹುಯ್ದಳು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆಗಳು. ಚೊಂಬು ಬಾಗಿದಾಗಲೆಲ್ಲ ಅವು ಒಟ್ಟಿಗೆ ಜಾರಿ, ಮಣಿಕಟ್ಟಿಗೆ ಬಡಿದು, ಮತ್ತೆ ಹಿಂದಕ್ಕೆ ಜಾರುತ್ತಿದ್ದವು.

“ನಿಮ್ಮ ಮಗ ಸುನೀಲ್ ಕಾಣ್ತಿಲ್ಲ? ಗ್ಯಾರೇಜಲ್ಲೇ ಇರ್ತಾನೆ ಅಂದ್ರು.”

“ಅವ್ನಾ? ಗಾಡಿ ಕಲೀತೀನಿ ಅಂತ ಬತ್ತಿದ್ದ. ಈಗ ಅವ್ರತ್ತೆ ಮನೆಗೋಗವ್ನೆ. ಮಾಕಳಿಗೆ.” ನೀರು ಒಂದು ಕ್ಷಣ ನಿಂತು ಮತ್ತೆ ಬಿತ್ತು. “ವಾರಾ ವಾರಾ ಓಗ್ತಿರ್ತಾನೆ.”

ವೇದಾಳ ಫೋನು ರಿಂಗಾಯಿತು. ಸುಮೈರಾ.

“ಮೇಡಂ, ಕೊಳವೆ ತೆಗೆದ್ರು. ಎಡಗಣ್ಣಿನ ಬ್ಯಾಂಡೇಜೂ ಬಿಚ್ಚಿದ್ರು. ಲೈಟ್ ಹಾಕು ಅಂದ್ರು ನನಗೆ. ಕಿಟಕಿ ತೆಗೆದಿತ್ತು ಮೇಡಂ. ಬಿಸಿಲು ಅವರ ಮುಖದ ಮೇಲೇ ಬಿದ್ದಿತ್ತು. ನಾನು ಎದ್ದು ಹೋಗಿ ಸ್ವಿಚ್ ಹಾಕಿದೆ. ಹಾಕಿದೆ ಅಂದೆ. ಇನ್ನೂ ಹಾಕಿಲ್ವಾ ಅಂದ್ರು.”

ವೇದಾ ಕಣ್ಣು ಮುಚ್ಚಿದಳು.

“ಯಾರು ಎಣಿಸಿದ್ದು ಅಂತ ಗೊತ್ತಂತೆ,” ಸುಮೈರಾ ಮುಂದುವರಿಸಿದಳು. “ನನಗೂ ಹೇಳ್ತಿಲ್ಲ. ಪೊಲೀಸ್ರಿಗಂತೂ ಹೇಳಲ್ವಂತೆ. ನಂದೇ ತಪ್ಪು ಅಂತ ಬರೆದೋರು ಅವರು, ಆ ಮೇಡಂ ಬರ್ಲಿ, ಅವರಿಗೇ ಹೇಳ್ತೀನಿ ಅಂತಾರೆ.”

“ಬರ್ತೀನಿ. ಇಲ್ಲಿಂದ ನೇರ ಅಲ್ಲಿಗೇ. ದನಿ ಯಾರದ್ದು ಅಂತ ನಾನೇ ಕೇಳ್ಕೋತೀನಿ, ಅಲ್ಲೀತನಕ ಯಾರನ್ನೂ ಅವರ ಹತ್ರ ಬಿಡಬೇಡಿ.”

ಅವಳು ಫೋನಿಟ್ಟು ತಿರುಗಿದಾಗ ಚೊಂಬು ತೊಟ್ಟಿಯ ಕಟ್ಟೆಯ ಮೇಲಿತ್ತು. “ಆಲು ಖಾಲಿ ಆಗದೆ, ಈಗ್ ಬಂದೆ,” ಎಂಬ ಮಾತು ಬಾಗಿಲಿನ ಕಡೆಯಿಂದ ಕೇಳಿತು.

ಮುನಿಕೃಷ್ಣಮ್ಮ ಹಾಲಿನ ಪ್ಯಾಕೆಟ್ಟಿನೊಂದಿಗೆ ಬಂದವಳು ಮೊದಲು ಗ್ರೈಂಡರ್ ಹಾಕಿದಳು. ನಾಳೆಯ ಇಡ್ಲಿಗೆ ಹಿಟ್ಟು. ಕಲ್ಲು ಗಡಗಡ ತಿರುಗತೊಡಗಿತು. ಪಾತ್ರೆಗಳು ಅದುರಿದವು. ಆಮೇಲೆ ಟೀ, ಟೀ ಜೊತೆಗೆ ಮದ್ದೂರು ವಡೆ, ಬೇಡವೆಂದರೂ ಇನ್ನೊಂದು ವಡೆ. ಹೂವಿನ ಹೆಂಗಸಿಗೆ ಎರಡು ಸಣ್ಣ ಮಕ್ಕಳಿದ್ದವೆಂದು ಕೂಗಿ ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ವೇದಾ ಹೊರಡಲು ಎದ್ದಾಗಲೆಲ್ಲ ಮಾತು ಹೊಸದಾಗಿ ಶುರುವಾಗುತ್ತಿತ್ತು. ಕೊನೆಗೆ ಬಾಗಿಲಲ್ಲಿ ಮುರಿಗೆಪ್ಪನೇ ಕಾಣಿಸಿಕೊಂಡ.

“ಮೇಡಂ, ಹೊಂಟ್ರ್ಯಾ? ಒಂದ್ ಕೆಲಸ ಉಳದತ್ರಿ. ಆ ಪ್ಲಗ್ಗಿನ ವಾಷರ್ ಹಳೇದು. ಸಣ್ಣಗ ಹನೀತದ. ಹೊಸದು ಹಾಕಿ ಇನ್ನೊಮ್ಮೆ ಲೆವೆಲ್ ನೋಡಿಬಿಡ್ರಿ. ನಾಳೆ ಅವರ ಲಾಯರ್ ಬಂದು ಅಳತಿನೇ ತಪ್ಪು ಅಂದ್ರ?”

“ಆಸ್ಪತ್ರೆಗೆ ಹೋಗ್ಬೇಕು.”

“ಹತ್ತು ನಿಮಿಷದ ಮಾತು. ಆಗ್ಲೇ ಆರಿ ಮೂವತ್ತೈದಕ್ಕ ಇಳದದ. ನಾನೇ ಇಳೀತಿದ್ದೆ, ಈ ಮೊಣಕಾಲು ನೋಡ್ರಿ.”

ಎರಡು ಸಲ ನೋಡದ ಅಂಕಿಯನ್ನು ವೇದಾ ಯಾವ ವರದಿಯಲ್ಲೂ ಬರೆದವಳಲ್ಲ. ಹಬೀಬುಲ್ಲಾನ ಪರವಾಗಿ ಈಗ ಇದ್ದದ್ದು ಆ ಮುನ್ನೂರೈವತ್ತು ಒಂದೇ. ಹನಿಯುವ ಪ್ಲಗ್ ಅದನ್ನೂ ಹಾಳು ಮಾಡಬಹುದಿತ್ತು. ಅವಳು ಸ್ಪ್ಯಾನರ್ ತೆಗೆದುಕೊಂಡಳು.

ಕಾರು ಗುಂಡಿಯ ಮೇಲೆ, ಅವಳು ಬಿಟ್ಟು ಹೋದ ಜಾಗದಲ್ಲೇ ನಿಂತಿತ್ತು. ಮುಂದಿನ ಚಕ್ರಗಳ ಕೆಳಗೆ ಮಟ್ಟಕ್ಕಾಗಿ ಇಟ್ಟಿದ್ದ ಹಲಗೆಗಳೂ ಹಾಗೆಯೇ ಇದ್ದವು. ಅವಳು ಮೆಟ್ಟಿಲಿಳಿದು ತಳಕ್ಕೆ ಬಂದಳು. ಮೇಲೆ ಬಾಗಿಲು ಮುಚ್ಚಿದ ಸದ್ದಾಯಿತು, ಎಂಜಿನ್ ಶುರುವಾಯಿತು. ಲಿವರ್ ಒಂದೊಂದೇ ಮನೆ ದಾಟಿ ವಾಪಸು ಬಂದದ್ದು ಗೇರ್‌ಬಾಕ್ಸಿನ ಮೈಯಲ್ಲಿ ಸಣ್ಣ ಸಣ್ಣ ಒದೆತಗಳಾಗಿ ಕೇಳಿಸಿತು.

“ಮೂವತ್ತಾರ್ರೀ ಮೇಡಂ.”

ಟಣ್.

“ಮೂವತ್ತೇಳು.”

ಟಣ್. ಅವಳು ಸ್ಪ್ಯಾನರನ್ನು ಪ್ಲಗ್ಗಿಗೆ ಹಿಡಿದಳು. ಮೊದಲ ಸಲ ಪಕ್ಕಕ್ಕೆ ಸರಿದು ಬಿಚ್ಚಿದ್ದಳು. ಈಗ ಹನಿ ಎಲ್ಲಿಂದ ಬರುತ್ತಿದೆಯೆಂದು ನೋಡಲು ಮುಖವನ್ನು ಅದರ ಅಡಿಗೇ ತಂದಳು.

ಹನಿ ಇರಲಿಲ್ಲ. ವಾಷರ್ ಒಣಗಿತ್ತು.

“ಮೂವತ್ತೆಂಟು.”

ಟಣ್. ತಟ್ಟಿದ್ದು ಕೈ, ರೂಢಿಯಿಂದ. ಗಲ್ಲಕ್ಕೆ ಏನೋ ತಾಗಿದಂತಾಗಿತ್ತು. ತಾಗಿದ್ದು ವಸ್ತುವಲ್ಲ, ಶಾಖ. ರೊಟ್ಟಿ ಹಂಚಿನ ಮೇಲೆ ಮುಖ ಹಿಡಿದಂತೆ. ಆಗ ಎಳೆ ಬಿಸಿಲಿನಷ್ಟಿದ್ದ ಗೇರ್‌ಬಾಕ್ಸಿನ ತಳದ ಹತ್ತಿರಕ್ಕೆ ಈಗ ಬೆರಳು ಒಯ್ಯಲಾಗಲಿಲ್ಲ.

ಮಣಿಕಟ್ಟಿನ ಮೇಲೆ ಮೆತ್ತಗೆ ಏನೋ ಬಿತ್ತು. ಅವಳು ಬೆಳಕಿಗೆ ಹಿಡಿದು ನೋಡಿದಳು. ಕೆಮ್ಮಣ್ಣು. ಇನ್ನೂ ಹಸಿ. ಗ್ಯಾರೇಜಿನ ಮುಂದೆ ಇದ್ದದ್ದು ಡಾಂಬರು. ಟ್ಯಾಂಕರಿನಲ್ಲಿ ನೀರು ಚಿಮುಕಿಸುವ ಕೆಮ್ಮಣ್ಣಿನ ದಾರಿ ಇದ್ದದ್ದು ಊರಾಚೆಯ ಹೊಸ ಲೇಔಟುಗಳಲ್ಲಿ.

ಕಾರು ಹೊರಗೆ ಹೋಗಿ ಬಂದಿತ್ತು. ಅವಳು ವಡೆ ತಿನ್ನುತ್ತಿದ್ದಾಗ, ಗ್ರೈಂಡರ್ ತಿರುಗುತ್ತಿದ್ದಾಗ, ಚೆನ್ನಾಗಿ ಓಡಿ, ಕುದಿದು, ಅದೇ ಹಲಗೆಗಳ ಮೇಲೆ ಬಂದು ನಿಂತಿತ್ತು. ಹಬೀಬುಲ್ಲಾ ನಮಾಜಿಗೆ ಹೋದಾಗಲೂ ಗುಂಡಿಯ ಮೇಲಿತ್ತು, ಬಂದಾಗಲೂ ಗುಂಡಿಯ ಮೇಲಿತ್ತು. ನಿಂತೇ ಇದೆ ಅಂದುಕೊಂಡ. ಅವಳೂ ಹಾಗೇ ಅಂದುಕೊಂಡಿದ್ದಳು.

ವೈರು ಕಿಟಕಿಯಿಂದ ಆಚೆ ಹೋಗಿತ್ತು. ಕೆಟ್ಟ ಮನುಷ್ಯ ನಿಜ ಹೇಳಿ ಹೋಗಿದ್ದ. ಬುಧವಾರವೇ ಕಾರು ಬಿಟ್ಟಿದ್ದೂ ನಿಜವಾದರೆ, ಗುರುವಾರ ಅದನ್ನು ಮಾಕಳಿಗೆ ಓಡಿಸಬಲ್ಲವನು ವಾರಾ ವಾರಾ ಅಲ್ಲಿಗೆ ಹೋಗುವ ಸುನೀಲ್.

“ಮೂವತ್ತೊಂಬತ್ತು.”

ಅವಳು ತಟ್ಟಲಿಲ್ಲ. ಉಸಿರು ಹಿಡಿದು, ಸ್ಪ್ಯಾನರನ್ನು ಪ್ಲಗ್ಗಿನಿಂದ ಸದ್ದಿಲ್ಲದೆ ಬಿಡಿಸಿ, ಮೆಟ್ಟಿಲಿನತ್ತ ಒಂದು ಹೆಜ್ಜೆ ಇಟ್ಟಳು.

“ನಲವತ್ತು ಮೇಡಂ. ಬಿಚ್ರಿ.”

ಎಂಜಿನ್ ಒಂದೇ ಸಮನೆ ಗುರುಗುಡುತ್ತಿತ್ತು. ಹೊಗೆ ಗುಂಡಿಯ ತಳಕ್ಕೆ ನಿಧಾನವಾಗಿ ಇಳಿಯುತ್ತಿತ್ತು. ಇನ್ನೊಂದು ಹೆಜ್ಜೆ.

“ಯಾಕ್ರೀ ಮೇಡಂ?” ದನಿಯಲ್ಲಿ ಸಿಟ್ಟಿರಲಿಲ್ಲ. ಕನ್ನಡಕ ಹಾಕ್ಕೊಳ್ರಿ ಎಂದಿದ್ದ ಅದೇ ಕಾಳಜಿಯ ದನಿ. “ತಟ್ಟಲಿಲ್ಲ?”

ಅವಳು ಮೆಟ್ಟಿಲ ಕಡೆ ಓಡಿದಳು. ಮೊದಲ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಬೆಳಕು ಮೇಲಿನಿಂದ ಕತ್ತರಿಸುತ್ತ ಬಂತು. ಶಟರ್ ಕೆಳಗಿಳಿಯುತ್ತಿತ್ತು. ತಗಡಿನ ಪಟ್ಟಿಗಳು ಒಂದರ ಮೇಲೊಂದು ಉರುಳಿ, ನೆಲಕ್ಕೆ ಬಡಿದು ನಿಂತವು. ಹೊರಗೆ ಬೀಗದ ಕೊಂಡಿ ಬಿದ್ದಿತು. ಶೆಡ್ಡು ಕತ್ತಲಾಯಿತು. ಎಂಜಿನ್ ಓಡುತ್ತಲೇ ಇತ್ತು.

ಮುರಿಗೆಪ್ಪ ಕಾರಿನೊಳಗಿದ್ದ. ಬಾಗಿಲು ತೆರೆದ ಸದ್ದಾಗಿರಲಿಲ್ಲ. ಶಟರ್ ಎಳೆದ ಕೈ ಬೇರೆಯವರದು. ಎಳೆಯುವಾಗ ಆ ಕೈಯ ಬಳೆಗಳು ಒಟ್ಟಿಗೆ ಜಾರಿ, ಮಣಿಕಟ್ಟಿಗೆ ಬಡಿದು, ಮತ್ತೆ ಹಿಂದಕ್ಕೆ ಜಾರಿದ್ದು ವೇದಾಳಿಗೆ ಸ್ಪಷ್ಟವಾಗಿ ಕೇಳಿಸಿತ್ತು.